ಶ್ವೇತಪತ್ರದ ಲೆಕ್ಕ, ತಲಪಾಡಿಯ ಲೆಕ್ಕ

ಪ್ರತಿ ವರ್ಷ ಫೆಬ್ರವರಿ ಬರುವಾಗ ಗಡಿನಾಡಿನ ಅಂಗಳಗಳಲ್ಲಿ ಅಡಿಕೆ ಒಣಗುತ್ತಿರುತ್ತದೆ, ದಿಲ್ಲಿಯಲ್ಲಿ ಬಜೆಟ್ ಭಾಷಣ ನಡೆಯುತ್ತಿರುತ್ತದೆ. ಬದಿಯಡ್ಕದಲ್ಲಿರಲಿ, ಪೆರ್ಲದಲ್ಲಿರಲಿ, ಅಡಿಕೆ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಎಂತ ಮಾರಾಯ್ರೆ, ಬಜೆಟಲ್ಲಿ ನಮಗೆ ಎಂತ ಉಂಟು?" ಉತ್ತರವೂ ಪ್ರತಿ ವರ್ಷ ಒಂದೇ: "ಎಂತ ಇಲ್ಲ." ಅಲ್ಲಿಗೆ ಮಾತು ಮುಗಿದು ಧಾರಣೆಯ ವಿಷಯಕ್ಕೆ ಹೋಗುತ್ತದೆ.

ಆದರೆ ಪ್ರಶ್ನೆ ಅಷ್ಟು ಸುಲಭದಲ್ಲಿ ಮುಗಿಯುವಂಥದ್ದಲ್ಲ. ಬಜೆಟ್ ಮಂಡನೆಗಿಂತ ಅದರ ನಂತರ ನಡೆಯುವ ಚರ್ಚೆ ಹೆಚ್ಚು ಮುಖ್ಯ. ಸರಕಾರ ತನ್ನ ಆರ್ಥಿಕ ಸಾಧನೆಯನ್ನು ಸಮರ್ಥಿಸಿಕೊಳ್ಳುವುದು ಅಲ್ಲಿ. ಯಾವ ಲೆಕ್ಕ ಎದುರಿಗಿಟ್ಟಿತು, ಯಾವುದನ್ನು ಮಡಚಿ ಕಿಸೆಗೆ ಹಾಕಿತು ಎಂದು ಗೊತ್ತಾಗುವುದೂ ಅಲ್ಲೇ. ಇದಕ್ಕೆ 2024ರ ಫೆಬ್ರವರಿಯ ಮೊದಲ ಹದಿನಾರು ದಿನಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಫೆಬ್ರವರಿ 1ಕ್ಕೆ ಕೇಂದ್ರದ ಮಧ್ಯಂತರ ಬಜೆಟ್. 5ಕ್ಕೆ ತಿರುವನಂತಪುರದಲ್ಲಿ ಕೆ.ಎನ್. ಬಾಲಗೋಪಾಲ್ ಮಂಡಿಸಿದ ಕೇರಳ ಬಜೆಟ್. 7ಕ್ಕೆ ದಿಲ್ಲಿಯ ಜಂತರ್ ಮಂತರಿನಲ್ಲಿ ಕರ್ನಾಟಕ ಸರಕಾರದ ಧರಣಿ. ಮರುದಿನ 8ಕ್ಕೆ ಅದೇ ಜಾಗದಲ್ಲಿ ಕೇರಳ ಸರಕಾರದ ಧರಣಿ. ಅದೇ 8ನೇ ತಾರೀಕು ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಸಂಸತ್ತಿನಲ್ಲಿ ಆರ್ಥಿಕತೆಯ ಶ್ವೇತಪತ್ರ ಮಂಡಿಸಿದರು. 9ರಂದು ಲೋಕಸಭೆಯಲ್ಲಿ ಅದರ ಚರ್ಚೆ. 16ಕ್ಕೆ ಬೆಂಗಳೂರಿನಲ್ಲಿ ಸಿದ್ದರಾಮಯ್ಯನವರ ಬಜೆಟ್.

ಮೂರು ಬಜೆಟ್, ಎರಡು ಧರಣಿ, ಒಂದು ಶ್ವೇತಪತ್ರ. ಈ ಮೂರೂ ಸರಕಾರಗಳ ಲೆಕ್ಕದಲ್ಲಿ ಕಾಸರಗೋಡಿನವನ ಹಣ ಉಂಟು. ಆದರೆ ಮೂರರ ಸಮರ್ಥನೆಯಲ್ಲೂ ಅವನ ಹೆಸರು ಇರಲಿಲ್ಲ. ಯಾಕೆ ಎಂದು ಒಂದೊಂದಾಗಿ ನೋಡುವ.

ಶ್ವೇತಪತ್ರ ಹೇಳಿದ್ದು, ಹೇಳದ್ದು

ಸರಕಾರದ ಸಾಧನೆಯನ್ನು ಸಮರ್ಥಿಸುವುದಕ್ಕೆ ಹಳೆಯ ಉಪಾಯವೆಂದರೆ ಹಿಂದಿನವರೊಂದಿಗೆ ಹೋಲಿಕೆ. ಶ್ವೇತಪತ್ರ ಮಾಡಿದ್ದೂ ಅದನ್ನೇ. 2004ರಿಂದ 2014ರವರೆಗಿನ ಯುಪಿಎ ದಶಕ ಒಂದು ಕಡೆ, 2014ರ ನಂತರದ ಎನ್‌ಡಿಎ ದಶಕ ಇನ್ನೊಂದು ಕಡೆ.

ಅದರಲ್ಲಿ ಒಪ್ಪಬೇಕಾದ್ದು ಸಾಕಷ್ಟಿದೆ, ಪಕ್ಷ ನೋಡದೆ ಒಪ್ಪಬೇಕು. ಯುಪಿಎ ದಶಕದಲ್ಲಿ ವಾರ್ಷಿಕ ಬೆಲೆಯೇರಿಕೆಯ ಸರಾಸರಿ ಶೇ. 8ರ ಮೇಲಿತ್ತು, ನಂತರ ಅದು ಶೇ. 5ರ ಆಸುಪಾಸಿಗೆ ಇಳಿಯಿತು. 2012-13ರಲ್ಲಿ ವಿದೇಶಿ ವ್ಯವಹಾರದ ಚಾಲ್ತಿ ಖಾತೆ ಕೊರತೆ ಜಿಡಿಪಿಯ ಶೇ. 4.8ಕ್ಕೆ ಏರಿ, ಮರುವರ್ಷ ರೂಪಾಯಿ ತತ್ತರಿಸಿದ್ದು ಎಲ್ಲರಿಗೂ ನೆನಪಿದೆ. ಗಲ್ಫಿನಿಂದ ಹಣ ಕಳಿಸುವವರ ಮನೆಯಲ್ಲಿ ಮಾತ್ರ ಆಗ ಸಣ್ಣ ಸಂತೋಷ. ಬ್ಯಾಂಕುಗಳ ಸುಸ್ತಿ ಸಾಲ 2018ರ ಮಾರ್ಚಿನಲ್ಲಿ ಶೇ. 11ರ ಮೇಲೆ ಹೋಗಿದ್ದದ್ದು 2023ರ ಮಾರ್ಚಿಗೆ ಶೇ. 4ರ ಒಳಗೆ ಬಂತು. ಕೇಂದ್ರದ ಬಂಡವಾಳ ವೆಚ್ಚ 2013-14ರಲ್ಲಿ ಎರಡು ಲಕ್ಷ ಕೋಟಿಗೂ ಕಡಿಮೆ ಇದ್ದದ್ದು 2024-25ರ ಮಧ್ಯಂತರ ಬಜೆಟಿನಲ್ಲಿ 11.11 ಲಕ್ಷ ಕೋಟಿ ರೂಪಾಯಿಯಾಯಿತು. ಈ ಕೊನೆಯ ಅಂಕಿಯನ್ನು ನಾವು ಕಣ್ಣಲ್ಲೇ ನೋಡಿದ್ದೇವೆ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾದದ್ದು, 2023ರ ಏಪ್ರಿಲಿನಲ್ಲಿ ವಂದೇ ಭಾರತ್ ರೈಲು ಕಾಸರಗೋಡಿನ ತನಕ ಬಂದದ್ದು ಬರೀ ಭಾಷಣವಲ್ಲ.

ಇನ್ನು ಹೇಳದ್ದು. ಬೆಳವಣಿಗೆಯ ದರ ಒಂದನ್ನೇ ಹಿಡಿದರೆ ಹಿಂದಿನ ದಶಕದ ಸರಾಸರಿ ಕಡಿಮೆಯೇನೂ ಅಲ್ಲ. ಅದಕ್ಕೆ ಉತ್ತರವಾಗಿ ಕೋವಿಡ್ ಬಂತಲ್ಲ ಎನ್ನಬಹುದು, ಸರಿ. 2020-21ರಲ್ಲಿ ಉತ್ಪಾದನೆ ಕುಗ್ಗಿದ್ದಕ್ಕೆ ಸರಕಾರ ಒಂದನ್ನೇ ದೂರುವ ಹಾಗಿಲ್ಲ. ಆದರೆ 2008ರ ಜಾಗತಿಕ ಹಣಕಾಸು ಬಿಕ್ಕಟ್ಟನ್ನು ಹಿಂದಿನವರ ಖಾತೆಗೆ, ಕೋವಿಡನ್ನು ದೇವರ ಖಾತೆಗೆ ಬರೆದರೆ ತಕ್ಕಡಿ ಸಮ ಆಗುವುದಿಲ್ಲ. ಕಾಂಗ್ರೆಸ್ ಅದೇ ದಿನ ಬಿಡುಗಡೆ ಮಾಡಿದ "ಕಪ್ಪು ಪತ್ರ"ದಲ್ಲೂ ಇದೇ ದೋಷವಿತ್ತು, ತಿರುಗಿಸಿ ಹಾಕಿದ್ದು ಅಷ್ಟೆ.

ನಮ್ಮ ಮಟ್ಟಿಗೆ ಶ್ವೇತಪತ್ರದಲ್ಲಿ ಹುಡುಕಬೇಕಾದ್ದು 2016ರ ನವೆಂಬರ್ 8ರ ನೋಟು ರದ್ದತಿಯ ಲೆಕ್ಕ. ಆ ತಿಂಗಳ ಮಧ್ಯದಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಹಳೆ ನೋಟು ತೆಗೆದುಕೊಳ್ಳಬಾರದೆಂದು ರಿಸರ್ವ್ ಬ್ಯಾಂಕಿನ ಆದೇಶ ಬಂತು. ಉತ್ತರದ ರಾಜ್ಯದವರಿಗೆ ಅದು ಸಣ್ಣ ಸುದ್ದಿ. ಕೇರಳದಲ್ಲಿ ಹಾಗಲ್ಲ. ಇಲ್ಲಿ ಕೃಷಿಕನ ಠೇವಣಿ, ಸಾಲ, ಗೊಬ್ಬರ, ಚಿನ್ನದ ಅಡವು ಎಲ್ಲ ಊರಿನ ಸಹಕಾರಿ ಸಂಘದಲ್ಲೇ. ಕೊಯ್ಲು ಸುರುವಾಗುವ ಸಮಯಕ್ಕೆ ಸಂಘದ ಕೌಂಟರು ಬರಿದು. ಆಳಿಗೆ ಕೊಡುವುದಕ್ಕೆ ಚಿಲ್ಲರೆ ಇಲ್ಲ, ಅಡಿಕೆ ಮಾರಿದರೆ ಚೆಕ್ಕು, ಚೆಕ್ಕು ಹಾಕಿದರೆ ವಾರದ ಮಿತಿ. ಆರ್ಥಿಕ ಸಾಧನೆಯ ಸಮರ್ಥನೆ ಅಂದರೆ ಗೆದ್ದದ್ದನ್ನು ಮಾತ್ರ ಓದಿ ಹೇಳುವುದಲ್ಲ, ಇದಕ್ಕೂ ಒಂದು ಪುಟ ಇಡಬೇಕಿತ್ತು.

ಒಂದೇ ಜಾಗ, ಎರಡು ಧರಣಿ

ಶ್ವೇತಪತ್ರ ಬರುವ ಹೊತ್ತಿಗೆ ಸಂಸತ್ತಿನ ಹೊರಗೆ ನಡೆದದ್ದು ನಮಗೆ ಇನ್ನೂ ಹತ್ತಿರದ ವಿಷಯ. "ನನ್ನ ತೆರಿಗೆ ನನ್ನ ಹಕ್ಕು" ಎಂದು ಕರ್ನಾಟಕದವರು ಕೂತರು. ಮರುದಿನ ಪಿಣರಾಯಿ ವಿಜಯನ್ ಮತ್ತು ಅವರ ಸಚಿವರು ಕೂತರು. ಗಮ್ಮತ್ತೆಂದರೆ, 7ಕ್ಕೆ ಅಲ್ಲಿ ಕೂತದ್ದು ಕಾಂಗ್ರೆಸ್ ಸರಕಾರ. 8ರ ಧರಣಿಗೆ ಬರುವುದಿಲ್ಲ ಎಂದದ್ದು ಕೇರಳದ ಕಾಂಗ್ರೆಸ್. ಕರ್ನಾಟಕದಲ್ಲಿ ಕೇಂದ್ರದ ಅನ್ಯಾಯವೇ ಮುಖ್ಯ ಕಾರಣ, ಕೇರಳದಲ್ಲಿ ರಾಜ್ಯದ ದುರಾಡಳಿತವೇ ಮುಖ್ಯ ಕಾರಣ. ತಲಪಾಡಿ ಗಡಿ ದಾಟಿದರೆ ಬಸ್ಸಿನ ಬಣ್ಣ ಬದಲಾದ ಹಾಗೆ ವಾದವೂ ಬದಲಾಗುತ್ತದೆ!

ಆದರೆ ವಾದದ ಒಳಗಿನ ಅಂಕಿ ಸುಳ್ಳಲ್ಲ. ಕೇಂದ್ರ ವಸೂಲು ಮಾಡುವ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಭಾಗದಿಂದ ಕರ್ನಾಟಕಕ್ಕೆ 14ನೇ ಹಣಕಾಸು ಆಯೋಗ ಕೊಟ್ಟದ್ದು ಶೇ. 4.713. 2021ರಿಂದ 26ರವರೆಗಿನ ಅವಧಿಗೆ 15ನೇ ಆಯೋಗ ಕೊಟ್ಟದ್ದು ಶೇ. 3.647. ಕೇರಳದ ಪಾಲು ಶೇ. 2.5ರಿಂದ ಶೇ. 1.925ಕ್ಕೆ ಇಳಿಯಿತು. 10ನೇ ಆಯೋಗದ ಕಾಲದಲ್ಲಿ, ಅಂದರೆ 1995ರ ಸುಮಾರಿಗೆ, ಕೇರಳಕ್ಕೆ ಶೇ. 3.875 ಇತ್ತೆಂದು ನೆನಪಿಟ್ಟರೆ ಇಳಿತ ಎಷ್ಟೆಂದು ತಿಳಿಯುತ್ತದೆ.

ಇದಕ್ಕೆ ವಿತ್ತ ಸಚಿವೆಯ ಸಮರ್ಥನೆ: ಹಂಚುವುದು ಹಣಕಾಸು ಆಯೋಗದ ಸೂತ್ರ, ತನಗೆ ಬೇಕಾದ ಹಾಗೆ ಬದಲಿಸುವ ಅಧಿಕಾರ ತನಗಿಲ್ಲ. ಕಾನೂನಿನ ಮಾತು, ಸರಿಯೇ. ಆಯೋಗ ಶೇ. 45ರಷ್ಟು ತೂಕ ಕೊಟ್ಟದ್ದು "ಆದಾಯದ ಅಂತರ"ಕ್ಕೆ, ಅಂದರೆ ಯಾವ ರಾಜ್ಯದ ತಲಾ ಆದಾಯ ಹೆಚ್ಚೋ ಅದಕ್ಕೆ ಕಡಿಮೆ. ಜನಸಂಖ್ಯೆಗೆ 2011ರ ಗಣತಿಯನ್ನು ಹಿಡಿದದ್ದರಿಂದ ಮಕ್ಕಳ ಸಂಖ್ಯೆ ಮೊದಲೇ ಇಳಿಸಿದ ದಕ್ಷಿಣಕ್ಕೆ ಇನ್ನೊಂದು ಪೆಟ್ಟು. ಅದನ್ನು ಸರಿದೂಗಿಸಲು ಶೇ. 12.5ರ ತೂಕ ಬೇರೆ ಇಟ್ಟದ್ದೂ ನಿಜ, ಅದು ಸಾಕಾಗಲಿಲ್ಲ ಎಂಬುದೂ ನಿಜ.

ಆದರೆ "ಆಯೋಗ ಹೇಳಿದ್ದನ್ನು ಕೊಟ್ಟಿದ್ದೇವೆ" ಎಂಬ ಮಾತಿಗೆ ಎರಡು ಅಪವಾದ ಉಂಟು. ಒಂದು, 2020-21ಕ್ಕೆ ಕರ್ನಾಟಕಕ್ಕೆ ವಿಶೇಷವಾಗಿ 5,495 ಕೋಟಿ ಕೊಡಬೇಕೆಂದು ಆಯೋಗ ಮೊದಲ ವರದಿಯಲ್ಲಿ ಹೇಳಿತ್ತು. ಕೇಂದ್ರ ಅದನ್ನು ಒಪ್ಪಲಿಲ್ಲ. ಎರಡನೆಯದು ಸೆಸ್ಸು ಮತ್ತು ಸರ್‌ಚಾರ್ಜು. ಇವನ್ನು ರಾಜ್ಯಗಳಿಗೆ ಹಂಚಬೇಕಾಗಿಲ್ಲ. 2022ರ ಮೇಯಿಂದ ಈ ಚರ್ಚೆ ನಡೆದ ದಿನಗಳ ತನಕ ಪೆಟ್ರೋಲಿನ ಮೇಲೆ ಕೇಂದ್ರದ ತೆರಿಗೆ ಲೀಟರಿಗೆ 19 ರೂಪಾಯಿ 90 ಪೈಸೆ. ಅದರಲ್ಲಿ ಹಂಚಿಕೆಗೆ ಸೇರುವ ಮೂಲ ಅಬಕಾರಿ ಸುಂಕ ಎಷ್ಟು? 1 ರೂಪಾಯಿ 40 ಪೈಸೆ. ಅದರ ಶೇ. 41 ಅಂದರೆ 57 ಪೈಸೆ, ಅದೂ ಇಡೀ ದೇಶದ ರಾಜ್ಯಗಳಿಗೆಲ್ಲ ಸೇರಿ. ಉಳಿದ 18 ರೂಪಾಯಿ 50 ಪೈಸೆ ಪೂರ್ತಿ ದಿಲ್ಲಿಗೆ.

ಆ ಹಣದಿಂದಲೇ ಹೆದ್ದಾರಿ ಆಯಿತಲ್ಲ ಎಂದು ಕೇಂದ್ರದ ಪರ ಮಾತಾಡುವವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದೇ ಹೆದ್ದಾರಿಗೆ ಭೂಮಿ ವಶಪಡಿಸಿಕೊಳ್ಳುವ ಖರ್ಚಿನ ಶೇ. 25ನ್ನು ಕೇರಳ ಕೊಡಬೇಕಾಯಿತು, ಐದು ಸಾವಿರ ಕೋಟಿಗೂ ಮೇಲೆ. ಆದ್ದರಿಂದ ಆ ರಸ್ತೆಯಲ್ಲಿ ಹೋಗುವಾಗ ಇದು ಮೋದಿಯವರ ರಸ್ತೆ, ಅಲ್ಲ ಪಿಣರಾಯಿಯವರ ರಸ್ತೆ ಎಂದು ಬಸ್ಸಲ್ಲಿ ಚರ್ಚೆ ಮಾಡುವವರು ಇಬ್ಬರೂ ಅರ್ಧರ್ಧ ಸತ್ಯ ಹೇಳುತ್ತಾರೆ.

ತಿರುವನಂತಪುರದ ಸಮರ್ಥನೆ

ಕೇರಳ ಸರಕಾರದ ವಾದ ಚುಟುಕಾಗಿ ಹೀಗೆ: ಪಾಲು ಇಳಿಸಿದಿರಿ, ಸಾಲದ ಮಿತಿ ಕತ್ತರಿಸಿದಿರಿ, ನಾವು ಹೇಗೆ ನಡೆಸುವುದು? ಇದರಲ್ಲಿ ಹುರುಳಿದೆ. ಆದಾಯ ಕೊರತೆ ತುಂಬಲು 15ನೇ ಆಯೋಗದ ಪ್ರಕಾರ ಕೇರಳಕ್ಕೆ 2021-22ರಲ್ಲಿ 19,891 ಕೋಟಿ, ಮರುವರ್ಷ 13,174 ಕೋಟಿ, 2023-24ರಲ್ಲಿ 4,749 ಕೋಟಿ ಬಂತು, ನಂತರ ಸೊನ್ನೆ. ಜಿಎಸ್‌ಟಿ ಪರಿಹಾರ 2022ರ ಜೂನ್ 30ಕ್ಕೆ ನಿಂತಿತು. ಕಿಫ್ಬಿ ಮತ್ತು ಪಿಂಚಣಿ ಕಂಪನಿ ತೆಗೆದ ಸಾಲವನ್ನೂ ರಾಜ್ಯದ ಸಾಲವೆಂದೇ ಕೇಂದ್ರ ಲೆಕ್ಕ ಹಾಕಿತು. ಕೇರಳ 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಕೋರ್ಟು ಮಧ್ಯಂತರ ಪರಿಹಾರ ನಿರಾಕರಿಸಿ, ಪ್ರಶ್ನೆಯನ್ನು ಐವರು ನ್ಯಾಯಾಧೀಶರ ಸಂವಿಧಾನ ಪೀಠಕ್ಕೆ ಒಪ್ಪಿಸಿತು.

ಆದರೆ ಇದೇ ಅಂಕಿಗಳನ್ನು ಇನ್ನೊಂದು ಕಡೆಯಿಂದ ಓದಬಹುದು. ಮೂರು ವರ್ಷದಲ್ಲಿ 37,814 ಕೋಟಿ ಬಂದದ್ದೂ ಕೇಂದ್ರದಿಂದಲೇ. ಅದು ವರ್ಷ ವರ್ಷ ಇಳಿಯುತ್ತದೆಂದು 2021ರಲ್ಲೇ ಮುದ್ರಿತವಾಗಿ ಗೊತ್ತಿತ್ತು. ಜಿಎಸ್‌ಟಿ ಪರಿಹಾರ ಐದೇ ವರ್ಷವೆಂದು 2017ರಲ್ಲೇ ಗೊತ್ತಿತ್ತು. ಮಳೆಗಾಲ ಬರುತ್ತದೆಂದು ಗೊತ್ತಿದ್ದೂ ಸೋಗೆ ಹೊದೆಸದವ, ಮಳೆಗೆ ಬೈದು ಪ್ರಯೋಜನವೇನು?

ಪೆನ್ಷನಿನ ಕಥೆ ನೋಡಿ. ಸಾಮಾಜಿಕ ಭದ್ರತೆಗೆಂದು 2023ರ ಏಪ್ರಿಲ್ 1ರಿಂದ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ ಎರಡು ರೂಪಾಯಿ ಸೆಸ್ಸು ಹಾಕಿದರು. ವರ್ಷ ತುಂಬುವ ಮೊದಲೇ, 2024ರ ಆರಂಭದಲ್ಲಿ, ತಿಂಗಳಿಗೆ 1,600 ರೂಪಾಯಿಯ ಕ್ಷೇಮ ಪೆನ್ಷನ್ ಹಲವು ತಿಂಗಳು ಬಾಕಿ. ಸೆಸ್ಸು ಕೊಟ್ಟದ್ದು ನಗದು, ಪೆನ್ಷನ್ ಸಿಕ್ಕಿದ್ದು ಸಾಲ. ಗಡಿಯವರು ಇದಕ್ಕೆ ತಮ್ಮದೇ ಉಪಾಯ ಮಾಡಿದರು: ತಲಪಾಡಿ ದಾಟಿ ಕರ್ನಾಟಕದ ಪೆಟ್ರೋಲ್ ಪಂಪಿಗೆ ಹೋದರು. ಹೀಗೆ ಕೇರಳಕ್ಕೆ ಬರಬೇಕಾದ ತೆರಿಗೆ ಬೆಂಗಳೂರಿಗೆ ಹೋಯಿತು. ಅಲ್ಲೂ 2024ರ ಜೂನ್ 15ಕ್ಕೆ ಪೆಟ್ರೋಲಿಗೂ ಡೀಸೆಲಿಗೂ ಮೂರು ರೂಪಾಯಿಯ ಹತ್ತಿರ ಏರಿಸಿದರು. ಅಕ್ಕಪಕ್ಕದ ರಾಜ್ಯಕ್ಕಿಂತ ನಮ್ಮಲ್ಲಿ ಈಗಲೂ ಕಡಿಮೆ ಎಂಬುದು ಅಲ್ಲಿನ ಸಮರ್ಥನೆ. ಅಂದರೆ ಕೇರಳದ ದುಬಾರಿತನವೇ ಕರ್ನಾಟಕದ ಏರಿಕೆಗೆ ಸಾಕ್ಷಿ!

ಇನ್ನು ಕಾಸರಗೋಡಿನ ಹೆಸರಲ್ಲೇ ಬಜೆಟಿನಲ್ಲಿ ಬರುವ ಬಾಬತ್ತು "ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್". 2012ರಲ್ಲಿ ಪಿ. ಪ್ರಭಾಕರನ್ ಆಯೋಗ ಈ ಜಿಲ್ಲೆಯ ಹಿಂದುಳಿದಿರುವಿಕೆ ನೀಗಲು 11 ಸಾವಿರ ಕೋಟಿಗೂ ಮೇಲಿನ ಯೋಜನೆ ಮುಂದಿಟ್ಟಿತು. 2023-24ರ ಬಜೆಟಿನಲ್ಲಿ ಪ್ಯಾಕೇಜಿಗೆ ಇಟ್ಟದ್ದು 75 ಕೋಟಿ. ಭಾಗಾಕಾರ ಮಾಡಿದರೆ ನೂರೈವತ್ತು ವರ್ಷದ ಹತ್ತಿರ ಬರುತ್ತದೆ. ಆ ಭಾಗಾಕಾರ ಪೂರ್ತಿ ನ್ಯಾಯವಲ್ಲ ಎಂದೂ ಹೇಳಬೇಕು. ಆಯೋಗದ ಅಂದಾಜಿನಲ್ಲಿ ಕೇಂದ್ರದ, ಬೇರೆ ಇಲಾಖೆಗಳ ಹಣವೂ ಸೇರಿತ್ತು. ಆದರೂ ಅಂತರ ಎಷ್ಟು ದೊಡ್ಡದೆಂದು ತಿಳಿಯಲು ಅದು ಸಾಕು.

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಅಂದಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಿಲಾನ್ಯಾಸ ಮಾಡಿದರು. 50 ಸೀಟಿನ ಎಂಬಿಬಿಎಸ್ ತರಗತಿಗೆ ಅನುಮತಿ ಬಂದದ್ದು 2025ರಲ್ಲಿ. ನಡುವೆ ಹನ್ನೆರಡು ವರ್ಷ, ಎರಡೂ ರಂಗಗಳ ಸರಕಾರ. ಆ ನಡುವೆಯೇ 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆ ನಂಬಿದವರು ಆ್ಯಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟದ್ದನ್ನು ನಾವು ಮರೆಯುವ ಹಾಗಿಲ್ಲ. ಎಂಡೋಸಲ್ಫಾನ್ ಪೀಡಿತರಿಗೆ ತಲಾ ಐದು ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತ್ತು. ಐದು ವರ್ಷದ ನಂತರ, 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. ಕೋರ್ಟು ಛೀಮಾರಿ ಹಾಕಿದ ಮೇಲೆಯೇ ಹಂಚಿಕೆ ಚುರುಕಾದದ್ದು. ಇದಕ್ಕೆ ಕೇಂದ್ರದ ಸಾಲ ಮಿತಿ ಕಾರಣವೆಂದು ಹೇಳಲು ಬರುತ್ತದೆಯೇ?

ಹಾಗೆಂದು ಕೇರಳದ ಖಾತೆಯಲ್ಲಿ ಜಮೆಯೇ ಇಲ್ಲವೆಂದಲ್ಲ. ಬೆದ್ರಡ್ಕದ ಕಾರ್ಖಾನೆಯಲ್ಲಿ ಬಿಎಚ್‌ಇಎಲ್ ಬಹುಪಾಲು ಬಂಡವಾಳ ತೆಗೆದುಕೊಂಡು, ಆಮೇಲೆ ಕೈಬಿಟ್ಟಾಗ, ಅದನ್ನು ಹಿಂದೆ ಪಡೆದು 2022ರ ಏಪ್ರಿಲಿನಲ್ಲಿ ಮತ್ತೆ ಬಾಗಿಲು ತೆರೆದದ್ದು ರಾಜ್ಯ ಸರಕಾರ. ರಬ್ಬರಿಗೆ ಆಧಾರ ಬೆಲೆ ಇಟ್ಟು, 2024ರ ಬಜೆಟಿನಲ್ಲಿ ಅದನ್ನು ಕಿಲೋಗೆ 170ರಿಂದ 180ಕ್ಕೆ ಏರಿಸಿದ್ದೂ ಅದೇ. ಪೂರ್ವ ಭಾಗದ ರಬ್ಬರಿನವರು ಹತ್ತು ರೂಪಾಯಿ ಎಂತಕ್ಕೆ ಸಾಕು ಎಂದರು, ಆದರೂ ಅಡಿಕೆಯವನಿಗೆ ಅಷ್ಟೂ ಇಲ್ಲ.

ಬೆಂಗಳೂರಿನ ಲೆಕ್ಕದಲ್ಲಿ ನಾವು

ಫೆಬ್ರವರಿ 16ಕ್ಕೆ ಸಿದ್ದರಾಮಯ್ಯನವರು ಮಂಡಿಸಿದ ಬಜೆಟಿನಲ್ಲಿ ಐದು ಗ್ಯಾರಂಟಿಗಳಿಗೆ 52,000 ಕೋಟಿ, ಆದಾಯ ಕೊರತೆ 27 ಸಾವಿರ ಕೋಟಿಗೂ ಮೇಲೆ. ಬಡವರ ಕೈಗೆ ಹಣ ಹೋದರೆ ಅದು ಸಂತೆಯಲ್ಲೇ ಖರ್ಚಾಗುತ್ತದೆ, ವ್ಯಾಪಾರ ಬೆಳೆಯುತ್ತದೆ ಎಂಬುದು ಅದರ ಸಮರ್ಥನೆ. ಮಂಗಳೂರಿನ ಅಂಗಡಿಯವರು ಇದನ್ನು ಅಲ್ಲಗಳೆಯಲಾರರು. ಆದರೆ ನಮ್ಮ ಹೆಂಗಸರು ಕಾಸರಗೋಡಿನಿಂದ ಮಂಗಳೂರಿಗೆ ಕರ್ನಾಟಕದ ಬಸ್ಸು ಹತ್ತಿದರೆ ಟಿಕೇಟು ತೆಗೆಯಲೇಬೇಕು, ಶಕ್ತಿ ಯೋಜನೆ ಕರ್ನಾಟಕದ ವಿಳಾಸ ಇದ್ದವರಿಗೆ ಮಾತ್ರ. ಅದು ತಪ್ಪೆಂದು ಹೇಳುವುದಲ್ಲ. ಆದರೆ ವ್ಯಾಪಾರದಲ್ಲಿ ನಾವು ಕೊಡುವುದೆಷ್ಟು ಎಂಬುದನ್ನೂ ನೋಡಬೇಕಲ್ಲ?

ಜಿಎಸ್‌ಟಿ 2017ರ ಜುಲೈ 1ಕ್ಕೆ ಬಂದಾಗ ನಮಗಾದ ಲಾಭ ಕಣ್ಣಿಗೆ ಕಂಡಿತು. ಮಂಜೇಶ್ವರದ ಮಾರಾಟ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲು ನಿಂತುಹೋಯಿತು. ಇದು ಕೇಂದ್ರದ ಸಾಧನೆಯಲ್ಲಿ ಗಡಿಯ ವ್ಯಾಪಾರಿ ಮೊದಲು ಹೇಳಬೇಕಾದ್ದು. ಕೇರಳದ ಲೆಕ್ಕಾಚಾರ ಬೇರೆಯಿತ್ತು: ಜಿಎಸ್‌ಟಿ ಬಳಕೆಯಾಗುವ ಜಾಗದ ತೆರಿಗೆ, ಕೇರಳ ಕೊಳ್ಳುವವರ ರಾಜ್ಯ, ಆದ್ದರಿಂದ ಬೊಕ್ಕಸ ತುಂಬುತ್ತದೆ. ಆದರೆ ಕಾಸರಗೋಡಿನವ ಕೊಳ್ಳುವುದೆಲ್ಲಿ? ಮದುವೆ ಸೀರೆ, ಚಿನ್ನ, ಪಂಪು, ಫ್ರಿಜ್ಜು ಹೆಚ್ಚಾಗಿ ಮಂಗಳೂರಿನಲ್ಲಿ. ಅಲ್ಲಿನ ಅಂಗಡಿಯಲ್ಲಿ ಬಿಲ್ಲು ಮಾಡಿಸಿ ಕೈಯಲ್ಲಿ ಹಿಡಿದುಕೊಂಡು ಬಂದರೆ ತೆರಿಗೆಯ ಅರ್ಧ ಕೇಂದ್ರಕ್ಕೆ, ಅರ್ಧ ಕರ್ನಾಟಕಕ್ಕೆ, ಕೇರಳಕ್ಕೆ ಸೊನ್ನೆ. ಇನ್ನು ನಾವು ಬೆಳೆದ ಅಡಿಕೆ? ಒಣ ಅಡಿಕೆಗೆ ಶೇ. 5ರ ತೆರಿಗೆ ಕೊನೆಗೆ ಸೇರುವುದು ಅದನ್ನು ತಿನ್ನುವ ಉತ್ತರದ ರಾಜ್ಯಗಳಿಗೆ. ಬೆಳೆ ಒಂದು ರಾಜ್ಯದ್ದು, ಮಾರಾಟ ಇನ್ನೊಂದರಲ್ಲಿ, ತೆರಿಗೆ ಮೂರನೆಯದಕ್ಕೆ. ಹೀಗಾಗಿ ಕೇರಳದ ಕಣ್ಣಿಗೆ ಕಾಸರಗೋಡು ಕಡಿಮೆ ವಸೂಲಿಯ ಜಿಲ್ಲೆ. ಕರ್ನಾಟಕದ ಕಣ್ಣಿಗೆ ನಾವು ಗಿರಾಕಿ, ಪ್ರಜೆಯಲ್ಲ.

ಇಲ್ಲಿಯೇ ಸರಾಸರಿಯ ಪ್ರಶ್ನೆ ಬರುವುದು. ಹಣಕಾಸು ಆಯೋಗ ಕರ್ನಾಟಕವನ್ನು ಶ್ರೀಮಂತ ಎಂದದ್ದು ಬೆಂಗಳೂರನ್ನು ನೋಡಿ, ಕೇರಳವನ್ನು ಅನುಕೂಲಸ್ಥ ಎಂದದ್ದು ಇಡೀ ರಾಜ್ಯದ ತಲಾ ಆದಾಯ ನೋಡಿ. ರಾಜ್ಯದ ಪಾಲು ಇಳಿಯುವಾಗ ಎಣ್ಮಕಜೆಯವನೂ ಎರ್ನಾಕುಳದವನೂ ಒಂದೇ ಲೆಕ್ಕ. ಆದರೆ ಹಣ ಕಡಿಮೆಯಾಯಿತೆಂದು ಖರ್ಚು ಕಡಿತ ಮಾಡುವಾಗ ಮೊದಲು ನಿಲ್ಲುವುದು ತುದಿಯ ಜಿಲ್ಲೆಯ ಕೆಲಸ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದ ಹಾಗೆ.

ಧಾರಣೆ ಬಜೆಟ್ ಭಾಷಣದಲ್ಲಿಲ್ಲ

ಜಗಲಿಯ ಪ್ರಶ್ನೆಗೆ ಹಿಂದೆ ಬರುವ. "ನಮಗೆ ಎಂತ ಉಂಟು?" ನಿಜ ಹೇಳಬೇಕೆಂದರೆ ಅಡಿಕೆಯವನಿಗೆ ಇರುವುದು, ಇಲ್ಲದಿರುವುದು, ಎರಡೂ ಬಜೆಟ್ ಭಾಷಣದ ಹೊರಗೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು 2023ರ ಫೆಬ್ರವರಿ 14ರ ಒಂದು ಅಧಿಸೂಚನೆ. ಅದಕ್ಕೆ ಮೊದಲು, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಬೆಲೆ ಮಿತಿಯಿಲ್ಲದೆ ತರಲು ಬಿಟ್ಟದ್ದೂ ಅಧಿಸೂಚನೆಯೇ. ಕಾಳುಮೆಣಸಿಗೆ 2017ರ ಡಿಸೆಂಬರಿನಲ್ಲಿ 500 ರೂಪಾಯಿಯ ಮಿತಿ ಇಟ್ಟದ್ದೂ ಹಾಗೆಯೇ. ಮೆಣಸಿನ ಬಾಗಿಲು ತೆರೆದದ್ದು ಇನ್ನೂ ಹಿಂದೆ, 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಶ್ರೀಲಂಕಾ ಒಪ್ಪಂದದಲ್ಲಿ.

ನ್ಯಾಯವಾಗಿ ತೂಗಿದರೆ 351ರ ಮಿತಿ ಕೇಂದ್ರದ ಜಮೆಗೆ ಹೋಗಬೇಕು. ಭೂತಾನಿನ 17,000 ಟನ್ ದೇಶದ ಹತ್ತು ಲಕ್ಷ ಟನ್ನಿಗೂ ಮೀರಿದ ಬೆಳೆಯ ಎದುರು ಸಣ್ಣದು, ಅದೂ ಹಸಿ ತೂಕ. ಅದರಿಂದಲೇ ಧಾರಣೆ ಬಿತ್ತೆಂದು ಬೊಬ್ಬೆ ಹಾಕುವುದು ಅತಿಯಾಯಿತು. ಆದರೆ ಬರ್ಮಾ ಗಡಿಯಿಂದ ಕದ್ದು ಬರುವ ಅಡಿಕೆಗೆ ಯಾವ ಕನಿಷ್ಠ ಬೆಲೆಯೂ ತಟ್ಟುವುದಿಲ್ಲ. ಕಾಗದದ ಮಿತಿ ಏರಿದಷ್ಟೂ ಕಳ್ಳಸಾಗಣೆಯ ಲಾಭವೂ ಏರುತ್ತದೆ. ಸಮರ್ಥನೆಯ ಭಾಷಣದಲ್ಲಿ ಬರಬೇಕಾದ್ದು ಎಷ್ಟಕ್ಕೆ ಮಿತಿ ಏರಿಸಿದೆವು ಎಂಬುದಲ್ಲ, ಎಷ್ಟು ಲೋಡು ಹಿಡಿದೆವು ಎಂಬುದು.

ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿ 2019ರಲ್ಲಿ ಬಂತು, 2024ರ ಬಜೆಟಿನಲ್ಲೂ ಅಷ್ಟೇ ಇತ್ತು. ಬೆಲೆಯೇರಿಕೆ ಶೇ. 5ಕ್ಕೆ ಇಳಿದದ್ದು ಸಾಧನೆ ಎಂದು ಶ್ವೇತಪತ್ರ ಹೇಳಿತಲ್ಲ, ಅದೇ ಶೇ. 5ರ ಲೆಕ್ಕದಲ್ಲಿ ಐದು ವರ್ಷಕ್ಕೆ ಆ ಆರು ಸಾವಿರದ ಬೆಲೆ 4,700 ರೂಪಾಯಿ. ಸರಕಾರದ ಒಂದು ಸಾಧನೆಯೇ ಇನ್ನೊಂದನ್ನು ಸವೆಸಿದ್ದು ಹೀಗೆ.

ಚರ್ಚೆಯಿಂದ ಬದಲಾದ ಒಂದು ಸಲ

ಹಾಗಾದರೆ ಬಜೆಟ್ ಚರ್ಚೆ ವ್ಯರ್ಥವೇ? ಅಲ್ಲ. 1991ರ ಜುಲೈ 24ಕ್ಕೆ ಮನಮೋಹನ್ ಸಿಂಗ್ ಮಂಡಿಸಿದ ಬಜೆಟನ್ನು ಉದಾರೀಕರಣದ ಬಜೆಟ್ ಎಂದು ಎಲ್ಲರೂ ಹೊಗಳುತ್ತಾರೆ. ಅದರಲ್ಲೇ ರಾಸಾಯನಿಕ ಗೊಬ್ಬರದ ಬೆಲೆ ಶೇ. 40 ಏರಿಸುವ ಪ್ರಸ್ತಾಪವೂ ಇತ್ತು. ಎಡಪಕ್ಷಗಳು ಮಾತ್ರವಲ್ಲ, ಆಳುವ ಕಾಂಗ್ರೆಸಿನ ಸಂಸದರೇ ಎದ್ದರು. ಸರಕಾರಕ್ಕೆ ಸ್ವಂತ ಬಹುಮತವಿರಲಿಲ್ಲ. ಎರಡು ವಾರದೊಳಗೆ ಏರಿಕೆಯನ್ನು ಶೇ. 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ವಿನಾಯಿತಿ ಕೊಡಬೇಕಾಯಿತು. ಮನಮೋಹನ್ ಸಿಂಗ್ ತನ್ನ ಬಜೆಟನ್ನು ಸಮರ್ಥಿಸಿದರು, ಆದರೆ ಕೇಳಿದ ಮೇಲೆ ತಿದ್ದಿದರು. ಸದನದಲ್ಲಿ ಆಡಿದ ಮಾತು ಗೊಬ್ಬರದ ಚೀಲದ ತನಕ ಬಂದದ್ದು ಹೀಗೆ.

ಆ ಲೋಕಸಭೆಯಲ್ಲಿ ಕಾಸರಗೋಡಿನ ಸದಸ್ಯರು ಎಂ. ರಾಮಣ್ಣ ರೈ. ಅದಕ್ಕೂ ಹಿಂದೆ 1957ರಿಂದ ಮೂರು ಅವಧಿಗೆ ಎ.ಕೆ. ಗೋಪಾಲನ್. 1984ರಲ್ಲಿ ಐ. ರಾಮ ರೈ ಗೆದ್ದಂಥ ಕೆಲವು ಸಲ ಬಿಟ್ಟರೆ ನಮ್ಮ ಸಂಸದರು ಆಳುವ ಸಾಲಿನಲ್ಲಿ ಕೂತದ್ದು ಕಡಿಮೆ. ಆದ್ದರಿಂದ ಸರಕಾರದ ಸಾಧನೆಯನ್ನು ಸಮರ್ಥಿಸುವುದು ಯಾರೋ, ಟೀಕಿಸುವುದು ನಮ್ಮವರು. ಟೀಕೆ ಬೇಕು. ಆದರೆ ಪಕ್ಷದ ಟೀಕೆಯಲ್ಲಿ ಜಿಲ್ಲೆಯ ಲೆಕ್ಕ ಮುಳುಗಿಹೋದರೆ ಸಮರ್ಥಿಸುವವರಿಗೆ ಉತ್ತರ ಕೊಡುವ ತಾಪತ್ರಯವೇ ಇಲ್ಲ. ಶೇ. 1.925ರ ಬಗ್ಗೆ ಮಾತಾಡಿದಷ್ಟು ನಮ್ಮವರು ಬರ್ಮಾ ಅಡಿಕೆಯ ಬಗ್ಗೆ, ಸಹಕಾರಿ ಸಂಘದ ಬಗ್ಗೆ, ಉಕ್ಕಿನಡ್ಕದ ಬಗ್ಗೆ ಆಯಾ ಸದನದಲ್ಲಿ ಅಂಕಿ ಇಟ್ಟು ಕೇಳಬೇಕು. ಮಂಜೇಶ್ವರದ ಶಾಸಕರು ತಿರುವನಂತಪುರದಲ್ಲಿ ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ನಾವೆಲ್ಲ ಸಂತೋಷಪಟ್ಟೆವು. ಅದೇ ಕನ್ನಡದಲ್ಲಿ ಪ್ಯಾಕೇಜಿನ 75 ಕೋಟಿಯಲ್ಲಿ ಖರ್ಚಾದ್ದೆಷ್ಟು, ಉಳಿದದ್ದೆಷ್ಟು ಎಂದು ಕೇಳಿದರೆ ಸಂತೋಷ ಇಮ್ಮಡಿಯಾಗುತ್ತದೆ.

ಮತದಾರನಿಗೂ ಒಂದು ಮಾತು. ಮೂರು ಸರಕಾರಗಳಲ್ಲಿ ಯಾರು ಬಂದು ಸಾಧನೆ ಹೇಳಿದರೂ ಅದು ಅವರ ಕೈಯಲ್ಲಿ ಇದ್ದದ್ದೋ ಅಲ್ಲವೋ ಎಂದು ಮೊದಲು ನೋಡಬೇಕು. ಆಮದು ತಡೆಯುವುದು ದಿಲ್ಲಿಯ ಕೈಯಲ್ಲಿ, ಆಸ್ಪತ್ರೆ ಮುಗಿಸುವುದು ತಿರುವನಂತಪುರದ ಕೈಯಲ್ಲಿ, ಗಡಿಯ ರಸ್ತೆಗೆ ಮಣ್ಣು ಸುರಿಯದಿರುವುದು ಬೆಂಗಳೂರಿನ ಕೈಯಲ್ಲಿ. ಅವರವರ ಕೈಯಲ್ಲಿದ್ದದ್ದಕ್ಕೆ ಅವರವರನ್ನೇ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಬರುವುದಿಲ್ಲ. ಮುಂದಿನ ಫೆಬ್ರವರಿಯಲ್ಲಿ ಅಡಿಕೆ ಅಂಗಡಿಯ ಜಗಲಿಯಲ್ಲಿ "ಎಂತ ಇಲ್ಲ" ಎಂದು ಮಾತು ಮುಗಿಸುವ ಮೊದಲು ಇಷ್ಟು ವಿಚಾರಿಸಿ ನೋಡುವುದು ಒಳ್ಳೆಯದು.